ಶ್ಯಾಮಲಳ ಮೃದಂಗ

ಮೂಕಂಡಪಲ್ಲಿ
9-2-1986

ಚಿ. ಸೌ. ಶ್ಯಾಮಲಳಿಗೆ ನಿನ್ನಪ್ಪನ ಆಶೀರ್ವಾದಗಳು.

ನಾನೂ ನಿನ್ನ ಅಮ್ಮನೂ ಗಟ್ಟಿಮುಟ್ಟಾಗಿದ್ದೇವೆ. ಅಳಿಯಂದಿರು ವೆಂಕಟೇಶಪ್ಪನವರಿಗೂ ನಿನ್ನ ಅತ್ತೆಯವರಿಗೂ ನಮ್ಮ ನಮಸ್ಕಾರ ತಿಳಿಸು. ಕೃಷ್ಣಗಿರಿಯಲ್ಲಿ ಈಗಲೇ ಬಿಸಿಲು ಹತ್ತಿದೆ ಅಂತ ನೀನು ಬರೆದಿದ್ದೆ. ಇಲ್ಲಿ ಬೆಳಿಗ್ಗೆ ಇನ್ನೂ ಕಂಬಳಿ ಬೇಕು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಫ್ಯಾಕ್ಟರಿಯಲ್ಲಿ ನಮ್ಮ ಪ್ರೆಸ್ ಶಾಪಿನ ಒಬ್ಬನಿಗೆ ಕಾಮಾಲೆ ಆಗಿ ಅವನ ಕೆಲಸವೂ ನನ್ನ ತಲೆಗೇ ಬಂತು. ದಿನವಿಡೀ ಸ್ಕೂಟರಿನ ಮಡ್‌ಗಾರ್ಡು ಒತ್ತಿ ಮನೆಗೆ ಬಂದರೆ ಪೆನ್ನು ಹಿಡಿಯುವುದಿರಲಿ, ಮುದ್ದೆ ಮುರಿಯುವುದಕ್ಕೂ ಕೈ ಬರುವುದಿಲ್ಲ. ನಿನ್ನ ಅಮ್ಮನಂತೂ ದಿನಾ ಒಂದೇ ಪಲ್ಲವಿ: "ಮಗಳು ಕಾಯ್ತಾ ಕುಂತವಳೆ. ನಾಕಕ್ಷರ ಗೀಚಕ್ಕೆ ನಿಂಗೇನು ಬ್ಯಾನೆ?" ಇವತ್ತು ಭಾನುವಾರ. ಗೀಚುತ್ತಿದ್ದೇನೆ.

ನೀನು ರಾಮನವಮಿಗೆ ಹಳೇಪೇಟೆಯ ಭಜನೆ ಮಂದಿರದಲ್ಲಿ ಒಬ್ಬಳೇ ಕೂತು ಕಚೇರಿ ಮಾಡುತ್ತೀಯ ಅನ್ನುವುದನ್ನು ಓದಿ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಫ್ಯಾಕ್ಟರಿ ಬಸ್ಸಿನಲ್ಲಿ ಡ್ರೈವರಿನಿಂದ ಹಿಡಿದು ಎಲ್ಲರಿಗೂ ಹೇಳಿಬಿಟ್ಟೆ. "ಮೃದಂಗಕ್ಕೆ ನೀನೇ ಬರಬೇಕಪ್ಪ, ಬೇರೆಯವರು ಬೇಡ" ಎಂದು ಬರೆದಿದ್ದೀಯಲ್ಲ, ಆ ಸಾಲನ್ನಂತೂ ಎರಡು ಸಲ ಓದಿ ಹೇಳಿದೆ. ಬರುತ್ತೇನೆ ಮಗಳೆ. ಇದನ್ನು ಕೇಳಬೇಕೇ? ಕಾಲು ಮುರಿದಿದ್ದರೂ ಬರುತ್ತೇನೆ. ಮೃದಂಗಕ್ಕೆ ಬೇಕಾದದ್ದು ಕೈ ತಾನೆ.

ಏನೇನು ತರಬೇಕು ಅಂತ ಕೇಳಿದ್ದೀಯ. ನಿಮ್ಮ ಟೀಚರಮ್ಮ ಹಾಡು ಹೇಳಿಕೊಟ್ಟಿದ್ದಾರೆ, ಚೀಲ ಕಟ್ಟುವುದು ಹೇಳಿಕೊಟ್ಟಿಲ್ಲ ಅಂತ ಕಾಣುತ್ತದೆ. ಹಾಡಿನ ಸಾಲು ಮರೆತರೆ ರಾಮ ರಾಮ ಅಂದು ಹೇಗೋ ದಾಟಬಹುದು. ಚೀಲದಲ್ಲಿ ಸಾಮಾನು ಇಲ್ಲದಿದ್ದರೆ ಆ ರಾಮನೂ ಏನೂ ಮಾಡಲಾರ. ಶ್ರುತಿ ಪೆಟ್ಟಿಗೆ ನಿನ್ನದನ್ನೇ ತಗೊಂಡು ಹೋಗು. ಮಂದಿರದಲ್ಲೇ ಒಂದು ಇದೆ ಎಂದು ಯಾರು ಹೇಳಿದರೂ ನಂಬಬೇಡ, ಮಂದಿರದ ಪೆಟ್ಟಿಗೆಯೊಳಗೆ ಇಲಿ ಸಂಸಾರ ಮಾಡಿರುತ್ತದೆ. ತಿದಿಯನ್ನು ಒಂದು ಸಲ ಬಿಚ್ಚಿ ಬೆಳಕಿಗೆ ಹಿಡಿದು ತೂತು ಬಿದ್ದಿದೆಯೇ ನೋಡು. ಪೆಟ್ಟಿಗೆಯ ಕೆಳಗೆ ಹಾಸುವುದಕ್ಕೆ ಹಳೆ ಟವೆಲ್ಲು ಇರಲಿ, ಇಲ್ಲದಿದ್ದರೆ ಹಲಗೆಯ ವೇದಿಕೆ ಗುಯ್ ಅನ್ನುತ್ತಲೇ ಇರುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು, ಒಂದಿಷ್ಟು ಕಲ್ಲುಸಕ್ಕರೆ, ಕಾಳುಮೆಣಸು. ಕಚೇರಿ ಮುಗಿಯುವ ತನಕ ಪಾನಕ ಮುಟ್ಟಬೇಡ, ಪ್ರಸಾದವೆಂದು ಎಷ್ಟು ಬಲವಂತ ಮಾಡಿದರೂ ಸರಿ. ಕರೆಂಟಿನವರಿಗೆ ರಾಮನವಮಿಯೂ ಒಂದೇ, ಅಮಾವಾಸ್ಯೆಯೂ ಒಂದೇ. ಅದಕ್ಕೆ ಟಾರ್ಚು ಇಟ್ಟುಕೊ. ಸೆರಗಿಗೆ ಪಿನ್ನು ಇಟ್ಟುಕೊ ಎಂದು ನಿನ್ನ ಅಮ್ಮ ಹೇಳುತ್ತಿದ್ದಾಳೆ. ಮೈಕಿನವನು ಮೈಕನ್ನು ತಂದು ಬಾಯಿಗೇ ತುರುಕುತ್ತಾನೆ, ಒಂದು ಗೇಣು ದೂರ ತಳ್ಳು. ಅವನು ಮತ್ತೆ ತಂದಿಟ್ಟರೆ ನನ್ನ ಕಡೆ ತೋರಿಸು, ನಾನು ಮಾತಾಡುತ್ತೇನೆ.

ನನ್ನ ಚೀಲ ನಿನಗೆ ಗೊತ್ತೇ ಇದೆ. ಮೃದಂಗವನ್ನು ತಟ್ಟಿ ಶ್ರುತಿಗೆ ಕೂಡಿಸುವ ಕರಿ ಕಲ್ಲು, ಹುಣಸೆ ಮರದ ತುಂಡು, ಬಲಗಡೆ ಮುಚ್ಚಿಗೆಯ ಚರ್ಮದ ಸಂದಿಗೆ ಸಿಕ್ಕಿಸುವ ತೆಂಗಿನ ಕಡ್ಡಿ, ಎಡಗಡೆಗೆ ಮೆತ್ತುವ ರವೆಯ ಪೊಟ್ಟಣ, ಅದನ್ನು ಕಲಸುವುದಕ್ಕೆ ಚೊಂಬು. ಚಿಕ್ಕವಳಿದ್ದಾಗ ಭಜನೆ ಮುಗಿದ ಮೇಲೆ ನಾನು ಕೆರೆದು ತೆಗೆದ ರವೆಯನ್ನು ನೀನು ಉಪ್ಪಿಟ್ಟು ಎಂದು ಬಾಯಿಗೆ ಹಾಕಿಕೊಂಡದ್ದು ಅಳಿಯಂದಿರಿಗೆ ಹೇಳಿದ್ದೀಯೋ ಇಲ್ಲವೋ? ಹೇಳಿಲ್ಲದಿದ್ದರೆ ನಾನು ಬಂದಾಗ ಹೇಳುತ್ತೇನೆ.

ನಿನ್ನ ಮೃದಂಗವನ್ನು ಅಟ್ಟದಿಂದ ಇಳಿಸಿದ್ದೇನೆ. ಗಂಡಸರ ದನಿಗೆ ಕೂಡುವ ದೊಡ್ಡದು ನಿನ್ನ ದನಿಗೆ ಕೂಡುವುದಿಲ್ಲವೆಂದು ಆ ಚಿಕ್ಕದನ್ನು ಮಾಡಿಸಿದ್ದೆನಲ್ಲ, ಅದು. ಹಾರ್ಮೋನಿಯಂನ ಐದನೆಯ ಬಿಳಿ ಮನೆ ಒತ್ತಿದರೆ ಬರುವ ಶ್ರುತಿಗೆ ಬಿಟ್ಟರೆ ಬೇರೆ ಯಾವ ಮನೆಗೂ ಅದು ಒಗ್ಗುವುದಿಲ್ಲ. ನೀನು ಗಂಡನ ಮನೆಗೆ ಹೋದ ಮೇಲೆ ಅದರ ಗವಸನ್ನೂ ಬಿಚ್ಚಿರಲಿಲ್ಲ. ಬಲ ಮುಚ್ಚಿಗೆ ಒಣಗಿ ಬಿರುಕು ಬಿಟ್ಟಿತ್ತು. ಆನೇಕಲ್ಲಿಗೆ ತಗೊಂಡು ಹೋಗಿ ಹೊಸದು ಹಾಕಿಸಿದೆ. ಬರುವಾಗ ಅತ್ತಿಬೆಲೆಯಲ್ಲಿ ಹೊಸೂರಿನ ಬಸ್ಸು ಹತ್ತಿದರೆ ಕಂಡಕ್ಟರು ಮೇಲೆ ಹಾಕು ಅಂದ. ನಾನು ಹಾಕಲಿಲ್ಲ. "ಅದೆನ್ನ ಕುಳಂದೆಯಾ, ಮಡಿಯಿಲೇ ವಚ್ಚಿರುಕ್ಕೀಂಗ?" ಅಂದ, ಅದೇನು ಮಗುವಾ, ಮಡಿಲಲ್ಲಿ ಇಟ್ಟುಕೊಂಡಿದ್ದೀರಿ ಅಂತ. "ಆಮಾ, ಎನ್ ಪೊಣ್ಣು" ಅಂದೆ, ಹೌದು, ನನ್ನ ಮಗಳು ಅಂತ. ಬಸ್ಸೆಲ್ಲ ನಕ್ಕಿತು. ಕಂಡಕ್ಟರೂ ನಕ್ಕು ಟಿಕೆಟ್ಟು ಹರಿದುಕೊಟ್ಟ.

ಇಲ್ಲಿ ನಮ್ಮ ಭಜನೆ ಮೇಳದ ಸ್ಥಿತಿ ಮಾತ್ರ ಕೇಳಬೇಡ. ಹಾಡುವ ವೆಂಕಟರಮಣಪ್ಪನಿಗೆ ವಯಸ್ಸಾಯಿತು. ಮೊದಲು ಕಂಬಕ್ಕೆ ಒರಗಿ, ಅಡಿಕೆ ಅಗಿಯುತ್ತಾ ಹಾಡುತ್ತಿದ್ದವನು ಈಗ ಕತ್ತಿನ ನರ ಉಬ್ಬಿಸಿಕೊಂಡು ಕಿರುಚುತ್ತಾನೆ. ಎರಡು ಹಾಡಿಗೇ ಮುಖ ಕೆಂಪಾಗುತ್ತದೆ. "ಏನಯ್ಯ, ಹಾಲು ಕರೆಯೋವಾಗ ಹಸೂನೂ ಹಿಂಗೇ ಹೆದರಿಸ್ತೀಯಾ?" ಎಂದು ನಾನು ಎಲ್ಲರ ಎದುರಿಗೆ ಕೇಳಿದರೆ ಸುಮ್ಮನೆ ನಗುತ್ತಾನೆ. ಇನ್ನು ಕದಿರಪ್ಪನ ಹಾರ್ಮೋನಿಯಂ. ಅವನಿಗೆ ತಾನು ಬೆಳೆಯುವ ಎಲೆಕೋಸಿನ ಮೇಲಿರುವ ಅಕ್ಕರೆ ಪೆಟ್ಟಿಗೆಯ ಮೇಲಿಲ್ಲ. ಅದರ ರೀಡು ತುಕ್ಕು ಹಿಡಿದು ಮೊದಲಿನ ಹಾಗೆ ಕಣಕಣ ಅನ್ನುವುದೇ ಇಲ್ಲ, ಒದ್ದೆ ಗೋಣಿಯೊಳಗಿಂದ ಬಂದ ಹಾಗೆ ಬರುತ್ತದೆ. ಬಿಚ್ಚಿ ಒರೆಸೋ ಎಂದು ಎಷ್ಟು ಸಲ ಹೇಳಿದರೂ "ಆಗ್ಲಿ ಬುಡಣ್ಣ" ಅನ್ನುತ್ತಾನೆ.

ನಿನ್ನ ಅಮ್ಮ ಈಚೆಗೆ ನನ್ನ ಮೇಲೆ ಒಂದು ದೂರು ಹಿಡಿದಿದ್ದಾಳೆ. ನಲ್ಲಿ ತಿರುಗಿಸಿ ಹಾಗೇ ಬಂದುಬಿಡುತ್ತೇನಂತೆ, ನೀರು ಸುರಿಯುವುದು ತಿಳಿಯುವುದಿಲ್ಲವಂತೆ. ಪ್ರೆಸ್ಸಿನ ಸದ್ದು ತಲೆಯಲ್ಲಿ ಎರಡು ಗಳಿಗೆ ಇರುತ್ತದೆ, ಊಟ ಮಾಡಿದರೆ ಹೋಗುತ್ತದೆ. ಅಷ್ಟಕ್ಕೆಲ್ಲ ಗಲಾಟೆ ಮಾಡುತ್ತಾಳೆ.

ಒಂದು ಕೆಲಸ ಮಾಡು. ಅಳಿಯಂದಿರ ಟೇಪ್ ರೆಕಾರ್ಡರಿನಲ್ಲಿ ನೀನು ಹಾಡುವುದನ್ನು ಒಂದು ಕ್ಯಾಸೆಟ್ಟಿಗೆ ಹಿಡಿದು ಕಳಿಸು. ನನಗೆ ಕೈ ಕೂಡಿಸಿಕೊಳ್ಳಲು ಅನುಕೂಲ. ಮೇಲಿನ ಷಡ್ಜ ಮುಟ್ಟಿದಾಗ ದನಿ ಅಲುಗಾಡುತ್ತಿದೆಯೋ ಏನೋ ಎಂದು ಹೆದರಿಕೆ ಅಂತ ಬರೆದಿದ್ದೀಯ. ಕೇಳಿ ಹೇಳುತ್ತೇನೆ. ನಿನ್ನ ಷಡ್ಜ ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ನಿನ್ನ ತಂದೆ
ಸೊಣ್ಣಪ್ಪ


ಮೂಕಂಡಪಲ್ಲಿ
30-3-1986

ಪ್ರೀತಿಯ ಮಗಳು ಶ್ಯಾಮಲಳಿಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈ ಸಲವೂ ತಡವಾಯಿತು. ಹೋದ ಸಲ ಶಿಫ್ಟಿನ ನೆಪ ಹೇಳಿದ್ದೆ, ಈ ಸಲ ನೆಪ ಇಲ್ಲ. ಬರೆಯುವುದಕ್ಕೆ ಕೂತು ಕೂತು ಎದ್ದೆ, ಅಷ್ಟೆ. ನಿನ್ನ ಕ್ಯಾಸೆಟ್ಟು ಸುಖವಾಗಿ ಬಂದು ಸೇರಿತು. ಅದರ ವಿಷಯ ಆಮೇಲೆ.

ಮೊದಲು ಮುಖ್ಯವಾದದ್ದನ್ನೇ ಹೇಳಿಬಿಡುತ್ತೇನೆ. ರಾಮನವಮಿಗೆ ನಾನು ಬರುತ್ತೇನೆ, ಆದರೆ ಮೃದಂಗಕ್ಕೆ ಕೂರುವುದಿಲ್ಲ. ಕೆಲಮಂಗಲದ ರಾಮಾಂಜಿನಪ್ಪ ಕೂರುತ್ತಾನೆ. ಹಬ್ಬದ ಹಿಂದಿನ ದಿನವೇ ನಿಮ್ಮಲ್ಲಿಗೆ ಬರುತ್ತಾನೆ. ಗಟ್ಟಿ ಕೈ, ತಾಳ ಜಾರುವುದಿಲ್ಲ, ಹಾಡುವವರ ಮೇಲೆ ಬೀಳುವ ಚಾಳಿಯೂ ಇಲ್ಲ. ಕೋಪ ಮಾಡಿಕೊಂಡು ಕಾಗದ ಕೆಳಗಿಡಬೇಡ, ಪೂರ್ತಿ ಓದು.

ಹೋದ ವಾರ ಜವಳಗಿರಿಯಲ್ಲಿ ಹೊಸ ಭಜನೆ ಮನೆ ಕಟ್ಟಿ ನಮ್ಮ ಮೇಳವನ್ನು ಕರೆದಿದ್ದರು. ಅಲ್ಲಿ ಹೊತ್ತು ಇಳಿದರೆ ಆನೆ ದಾರಿಗೆ ಬರುತ್ತದೆ. ಅದಕ್ಕೇ ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಮುಗಿಸುವುದು ಅವರ ಪದ್ಧತಿ. ಹತ್ತು ಗಂಟೆಗೆಲ್ಲ ಚಪ್ಪರದ ತುಂಬಾ ಜನ. ನಾನು ದೊಡ್ಡ ಮೃದಂಗ ಬಿಚ್ಚಿ ಗವಸು ಮಡಿಸಿಟ್ಟೆ, ಎಡಗಡೆಗೆ ರವೆ ಮೆತ್ತಿದೆ, ಬಲಗಡೆ ಕೂಡಿಸಲು ಕಲ್ಲು ತೆಗೆದುಕೊಂಡೆ. ಕದಿರಪ್ಪ ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದ. ಒಂದು ಸುತ್ತು ತಟ್ಟಿದೆ. ಮೃದಂಗದಲ್ಲಿ ನಾದವೇ ಇಲ್ಲ, ಸತ್ತ ಹಾಗಿತ್ತು. ಇನ್ನೊಂದು ಸುತ್ತು ತಟ್ಟಿದೆ.

"ಸಾಕು ಬುಡಣ್ಣ, ಕೂಡ್ಕಂತು" ಅಂದ ಕದಿರಪ್ಪ.

"ಎಲ್ಲಿ ಕೂಡ್ಕಂತೋ? ನಾದ ಏಳ್ತಾನೇ ಇಲ್ಲ. ನಿನ್ನ ಪೆಟ್ಗೆ ಹಂಗೇ ಇದೂ ಸತ್ತೋಗಿರ್ಬೇಕಾ?" ಅಂದು ಮತ್ತೆ ತಟ್ಟಿದೆ.

"ಬ್ಯಾಡ ಕಣಣ್ಣ, ನನ್ ಮಾತ್ ಕೇಳು" ಎಂದು ಅವನು ಕೈ ಚಾಚಿದ. ನಾನು ಅವನ ಕೈ ತಳ್ಳಿ ಇನ್ನೊಂದು ಏಟು ಹಾಕಿದೆ. ಮುಚ್ಚಿಗೆ ಹರಿದುಹೋಯಿತು, ನಡುವಿನ ಕಪ್ಪು ಕರಣೆಯ ಮಗ್ಗುಲಿಗೇ. ಆ ಸದ್ದಿಗೆ ಮುಂದೆ ಕೂತಿದ್ದ ಮಕ್ಕಳು ಬೆಚ್ಚಿ ಹಿಂದಕ್ಕೆ ಸರಿದವು. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಮುಚ್ಚಿಗೆ ಹರಿದದ್ದು ನೀನು ಯಾವತ್ತಾದರೂ ನೋಡಿದ್ದೀಯಾ? ಬೇರೆಯವರು ಹರಿದುಕೊಂಡಾಗ ನಕ್ಕವನು ನಾನು.

ಬೇರೆ ಮೃದಂಗ ತಂದಿರಲಿಲ್ಲ. ಜನ ಕಾಯುತ್ತಿದ್ದರು. ವೆಂಕಟರಮಣಪ್ಪ ಏನೂ ಆಗದವನ ಹಾಗೆ, "ಇರ್ಲಿ ಬುಡಣ್ಣ, ಇವತ್ತು ತಾಳದ ಮ್ಯಾಲೇ ನಡೀಲಿ" ಎಂದು ನನ್ನ ಕೈಗೆ ತಾಳ ಕೊಟ್ಟ. ಮೊಟ್ಟಮೊದಲ ಸಲ ಮೃದಂಗವಿಲ್ಲದೆ, ಕದಿರಪ್ಪನ ಪಕ್ಕದಲ್ಲಿ ತಾಳ ಹಿಡಿದು ಕೂತೆ.

ಕೈಗೆ ಕೆಲಸ ಕಡಿಮೆಯಾದರೆ ಕಣ್ಣಿಗೆ ಕೆಲಸ ಬರುತ್ತದೆ ನೋಡು. ವೆಂಕಟರಮಣಪ್ಪ ಹಾಡಲು ಶುರು ಮಾಡಿದ. ಕಂಬಕ್ಕೆ ಒರಗಿದ. ಅಡಿಕೆ ಬಾಯಿಗೆ ಹಾಕಿಕೊಂಡ. ಕತ್ತಿನಲ್ಲಿ ಒಂದು ನರವೂ ಏಳಲಿಲ್ಲ. ಹತ್ತು ವರ್ಷದ ಹಿಂದೆ ಹೇಗೆ ಹಾಡುತ್ತಿದ್ದನೋ ಹಾಗೆ, ತನ್ನ ಮನೆಯ ಜಗುಲಿಯಲ್ಲಿ ಕೂತಿರುವವನ ಹಾಗೆ ಹಾಡಿದ. ಇವನಿಗೆ ಇವತ್ತು ಏನಾಯಿತು ಎಂದು ನಾನು ಪಕ್ಕಕ್ಕೆ ತಿರುಗಿದರೆ, ಕದಿರಪ್ಪನ ಬೆರಳು ಕಣ್ಣಿಗೆ ಬಿತ್ತು. ಮೊದಲನೆಯ ಕಪ್ಪು ಮನೆಯ ಮೇಲಿತ್ತು.

ವೆಂಕಟರಮಣಪ್ಪನ ಶ್ರುತಿ ಯಾವಾಗಲೂ ಅದೇ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಮುಂಚೆ, ನಾನು ಮೃದಂಗ ಕೂಡಿಸುತ್ತಿದ್ದಾಗ, ಅದೇ ಬೆರಳು ಎರಡನೆಯ ಕಪ್ಪು ಮನೆಯ ಮೇಲಿದ್ದದ್ದನ್ನು ನಾನೇ ನೋಡಿದ್ದೆ. ನೋಡಿದ್ದರೂ ಅದು ನನ್ನ ತಲೆಗೆ ಹೋಗಿರಲಿಲ್ಲ. ಈಗ ಯೋಚಿಸಿದರೆ ಸಂಕ್ರಾಂತಿಯ ಭಜನೆಯಲ್ಲೂ ಅಲ್ಲೇ ಇತ್ತು. ಅದಕ್ಕೂ ಮೊದಲು ದೀಪಾವಳಿಯಲ್ಲಿ ಆ ಎರಡರ ನಡುವಿನ ಬಿಳಿ ಮನೆಯ ಮೇಲೆ.

ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಾದರೂ ಹಾರ್ಮೋನಿಯಂ ಮೃದಂಗವನ್ನು ಹುಡುಕಿಕೊಂಡು ಹೋಗುತ್ತದೆಯೇ? ಪೆಟ್ಟಿಗೆ ಹೇಳಿದಲ್ಲಿಗೆ ಮೃದಂಗ ಬರಬೇಕು. ನಮ್ಮ ಮೇಳದಲ್ಲಿ ಮಾತ್ರ ಎಷ್ಟೋ ದಿನದಿಂದ, ನಾನು ಏರಿಸಿ ನಿಲ್ಲಿಸಿದಲ್ಲಿಗೆ ಕದಿರಪ್ಪ ತನ್ನ ಮನೆ ಬದಲಾಯಿಸಿಕೊಂಡು ಬರುತ್ತಿದ್ದ. ಅವನ ಹಿಂದೆ ವೆಂಕಟರಮಣಪ್ಪ ತನ್ನದಲ್ಲದ ಶ್ರುತಿಗೆ ಕತ್ತು ಎತ್ತಿಕೊಂಡು ಕಿರುಚುತ್ತಿದ್ದ. ನಾನು ಅವನನ್ನು ಹಾಸ್ಯ ಮಾಡುತ್ತಿದ್ದೆ.

ಊಟವಾದ ಮೇಲೆ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ಕದಿರಪ್ಪನನ್ನು ನೇರವಾಗಿ ಕೇಳಿದೆ.

"ಯಾವತ್ತಿಂದಲಾ ಇದು?"

ಅವನು ಹಾರ್ಮೋನಿಯಂ ಪೆಟ್ಟಿಗೆಯ ಪಟ್ಟಿ ಬಿಗಿ ಮಾಡುತ್ತಾ, "ಯಾವ್ದು?" ಅಂದ.

"ನಾಟಕ ಆಡ್ಬ್ಯಾಡ. ನಿನ್ ಬೆರಳು ನೋಡ್ದೆ."

"ಹೋದ್ ವರ್ಸ ಗೌರಿ ಹಬ್ಬದಿಂದ ಕಣಣ್ಣ. ಮೊದ್ಲು ಒಂದ್ ಮನೆ ಮ್ಯಾಕೆ ಹೋದೆ. ಸಂಕ್ರಾಂತಿಗೆ ನೀನು ಇನ್ನೂ ಏರ್ಸ್‌ಬುಟ್ಟೆ, ನಾನೂ ಬಂದೆ."

"ಬಾಯಿ ಇರ್ಲಿಲ್ವಾ ಹೇಳಕ್ಕೆ?"

"ಒಂದ್ಸಲ ಹೇಳ್ದೆ. ನೀನು ನನ್ ಪೆಟ್ಗೇಗೇ ತುಕ್ಕು ಹಿಡ್ದದೆ ಅಂದ್ಬುಟ್ಟೆ. ಆಮ್ಯಾಕೆ ವೆಂಕಟರಮಣಣ್ಣನೇ ಅಂದ, ಬ್ಯಾಡ ಕಣ್ಲಾ, ಸೊಣ್ಣಪ್ಪ ಎಲ್ಲಿ ನಿಂತ್ಕಂತಾನೋ ನಾನು ಅಲ್ಲೇ ಹಾಡ್ತೀನಿ, ನೀನು ಸುಮ್ಕೆ ಬಾರ್ಸು ಅಂತ."

ವೆಂಕಟರಮಣಪ್ಪ ಸ್ವಲ್ಪ ದೂರದಲ್ಲಿ ಬೀಡಿ ಸೇದುತ್ತಾ ಕಾಡಿನ ಕಡೆ ನೋಡುತ್ತಾ ನಿಂತಿದ್ದ. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು, ಈ ಕಡೆ ಮಾತ್ರ ತಿರುಗಲಿಲ್ಲ. ನಾನು ಹತ್ತಿರ ಹೋಗಿ ನಿಂತೆ. "ಗಂಟ್ಲು ಹೆಂಗದೆ?" ಅಂದೆ. "ಇವತ್ತು ವಸಿ ಸುಖವಾಗದೆ" ಅಂದ. ಅಷ್ಟೇ ಮಾತು. ಬಸ್ಸು ಬಂತು.

ಮನೆಗೆ ಬಂದ ಮೇಲೆ ನಿನ್ನ ಮೃದಂಗದ ನೆನಪಾಯಿತು. ಹೊಸ ಮುಚ್ಚಿಗೆ ಹಾಕಿಸಿ ತಂದವನೇ ನಿನ್ನ ಐದನೆಯ ಬಿಳಿ ಮನೆಗೆ ಸರಿಯಾಗಿ ಕೂಡಿಸಿಟ್ಟಿದ್ದೇನೆ, ಇನ್ನು ಕೃಷ್ಣಗಿರಿಗೆ ಬಂದು ಒಂದೆರಡು ಏಟು ಹಾಕಿದರೆ ಸಾಕು ಎಂದುಕೊಂಡಿದ್ದೆ. ಮಾರನೆಯ ದಿನ ಕದಿರಪ್ಪನನ್ನು ಹಾರ್ಮೋನಿಯಂ ಸಮೇತ ಮನೆಗೆ ಕರೆದೆ. ಅವನು ಒತ್ತಿ ನೋಡಿದ. ಅವನ ಮುಖ ನೋಡಿದರೇ ಸಾಕಾಗಿತ್ತು. "ಎಷ್ಟು ಮ್ಯಾಗದೆ, ಹೇಳು" ಅಂದೆ. "ಎರಡು ಮನೆ" ಅಂದ. ಇಳಿಸಿ ಕೊಡು ಅಂದೆ. ಕಲ್ಲನ್ನೂ ಹುಣಸೆ ತುಂಡನ್ನೂ ಅವನ ಕೈಗೆ ಕೊಟ್ಟೆ. ಬೇರೆಯವರ ಕೈಗೆ ಅವನ್ನು ನಾನು ಕೊಟ್ಟದ್ದು ಇದೇ ಮೊದಲು. ನಿನ್ನ ಅಮ್ಮ ಕಾಫಿ ತಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಹೊಸೂರಿನಲ್ಲಿ ಕಿವಿಯ ಡಾಕ್ಟರಿಗೂ ತೋರಿಸಿದೆ. ಅವರು ಒಂದು ಕವಲು ಕಬ್ಬಿಣವನ್ನು ಮೊಣಕೈಗೆ ಬಡಿದು ಕಿವಿಯ ಹತ್ತಿರ ಹಿಡಿದರು. ನಾನು ಕೇಳಿಸುತ್ತಿಲ್ಲ ಅಂದ ಮೇಲೂ ತಮ್ಮ ಕಿವಿಗೆ ಹಿಡಿದುಕೊಂಡು ತಲೆ ಆಡಿಸುತ್ತಿದ್ದರು. ಪ್ರೆಸ್ಸಿನ ಸದ್ದಿನಲ್ಲಿ ನಿಂತವರಿಗೆ ಮೇಲಿನ ಸದ್ದು ಮೊದಲು ಹೋಗುತ್ತದಂತೆ. ಮೃದಂಗದ ನಾದ ಸತ್ತಿರಲಿಲ್ಲ, ನನ್ನ ಕಿವಿಗೆ ಬೀಳದೆ ನಾನು ಏರಿಸುತ್ತಾ ಹೋಗಿದ್ದೆ. ಹೋದದ್ದು ಬರುವುದಿಲ್ಲವಂತೆ. ಇರುವುದನ್ನು ಉಳಿಸಿಕೊಳ್ಳಲು ಹತ್ತಿ ಇಟ್ಟುಕೊ, ಬೇರೆ ಕಡೆ ಕೆಲಸ ಕೇಳು ಅಂದರು. ಸ್ಟೋರಿಗೆ ಹಾಕಿ ಎಂದು ಅರ್ಜಿ ಕೊಟ್ಟಿದ್ದೇನೆ. ಕೊಟ್ಟರೆ ಕೊಡಲಿ. ಮಾತು ಕೇಳಿಸುತ್ತದೆ, ಬಸ್ಸಿನ ಹಾರ್ನು ಕೇಳಿಸುತ್ತದೆ, ನಿನ್ನ ಅಮ್ಮನ ಬೈಗುಳವಂತೂ ಒಂದಕ್ಷರ ಬಿಡದೆ ಕೇಳಿಸುತ್ತದೆ. ಬದುಕಿಗೆ ಏನೂ ಕಷ್ಟವಿಲ್ಲ, ಅಳಬೇಡ.

ಕದಿರಪ್ಪನೋ ರಾಮಾಂಜಿನಪ್ಪನೋ ಕೂಡಿಸಿ ಕೊಟ್ಟರೆ ನೀನು ನುಡಿಸಬಹುದಲ್ಲಪ್ಪ ಅನ್ನುತ್ತೀಯ. ನಿನ್ನ ಅಮ್ಮನೂ ಅದನ್ನೇ ಅಂದಳು. ಏಪ್ರಿಲ್ ತಿಂಗಳ ಕೃಷ್ಣಗಿರಿಯ ಸೆಕೆಗೆ ಚರ್ಮ ಒಂದು ಹಾಡಿನಿಂದ ಇನ್ನೊಂದು ಹಾಡಿಗೆ ನಿಂತಲ್ಲಿ ನಿಲ್ಲುವುದಿಲ್ಲ, ನಡುನಡುವೆ ತಟ್ಟಿ ಸರಿಮಾಡಬೇಕು. ನಾನು ತಟ್ಟುತ್ತೇನೆ. ಅದು ಏರುತ್ತದೆ. ನೀನು ಹೇಳುವುದಿಲ್ಲ. ಗಂಟಲು ಹರಿದುಕೊಳ್ಳುತ್ತೀಯೇ ಹೊರತು ಅಷ್ಟು ಜನರ ಎದುರಿಗೆ ಅಪ್ಪನಿಗೆ ತಪ್ಪಿದೆ ಎಂದು ಹೇಳುವ ಮಗಳಲ್ಲ ನೀನು. ವೆಂಕಟರಮಣಪ್ಪ ನನಗೆ ಯಾರು? ಜೊತೆಯವನು, ಅಷ್ಟೆ. ಅವನೇ ಹೇಳಲಿಲ್ಲ. ಇನ್ನು ನೀನು ಹೇಳುತ್ತೀಯಾ? ನಿನ್ನ ಮೊದಲ ಕಚೇರಿಯನ್ನು ನನ್ನ ಎರಡು ಮನೆಯ ಮೇಲೆ ಹಾಡಿಸುವುದಕ್ಕೆ ನನಗೆ ಇಷ್ಟವಿಲ್ಲ. ಈ ವಿಷಯದಲ್ಲಿ ನನ್ನ ಮನಸ್ಸು ಬದಲಾಯಿಸಲು ನೋಡಬೇಡ, ಅಳಿಯಂದಿರ ಕೈಲೂ ಹೇಳಿಸಬೇಡ.

ನಿನ್ನ ಮೃದಂಗವನ್ನು ರಾಮಾಂಜಿನಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಸ್ಸಿನ ಮೇಲೆ ಹಾಕಬೇಡ, ಮಡಿಲಲ್ಲೇ ಇಟ್ಟುಕೊ ಎಂದು ಹೇಳಿದ್ದೇನೆ. ಚೀಲವನ್ನೂ ಕೊಡುತ್ತೇನೆ. ಅವನಿಗೆ ಅವನದೇ ಕಲ್ಲು ಇದೆ, ಆದರೂ ನನ್ನದು ಇರಲಿ. ರವೆಯನ್ನು ನಿನ್ನ ಅಮ್ಮ ಜರಡಿ ಹಿಡಿದು ಪೊಟ್ಟಣ ಕಟ್ಟಿದ್ದಾಳೆ. ನುಣ್ಣಗಿನದು ಬೇಡ ಎಂದು ಅವಳಿಗೆ ಈಗ ನಾನು ಹೇಳಿಕೊಡಬೇಕಾಗಿಲ್ಲ. ಕಚೇರಿ ಆದಮೇಲೆ ಮೃದಂಗ ನಿನ್ನ ಮನೆಯಲ್ಲೇ ಇರಲಿ. ನಿನ್ನ ದನಿಗೆ ಬಿಟ್ಟು ಯಾರಿಗೂ ಒಗ್ಗದ್ದನ್ನು ಇಲ್ಲಿ ಅಟ್ಟದ ಮೇಲಿಟ್ಟು ನಾನು ಏನು ಮಾಡಲಿ? ನೀನು ಅಭ್ಯಾಸಕ್ಕೆ ಕೂತಾಗ ನುಡಿಸಲು ಅಲ್ಲಿ ಯಾರನ್ನಾದರೂ ಕರೆಸಿಕೊ. ಆಗಾಗ ಗವಸು ಬಿಚ್ಚಿ ಗಾಳಿಯಾಡಿಸು. ನೇರ ಬಿಸಿಲಿಗೆ ಮಾತ್ರ ಇಡಬೇಡ.

ನಾನೂ ನಿನ್ನ ಅಮ್ಮನೂ ರಾಮನವಮಿಯ ದಿನ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇವೆ. ಮೈಕಿನವನ ಜೊತೆ ನಾನೇ ಮಾತಾಡುತ್ತೇನೆ, ಆ ಕೆಲಸ ಯಾರಿಗೂ ಬಿಟ್ಟುಕೊಟ್ಟಿಲ್ಲ. ಮೊದಲ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿರುತ್ತೇನೆ. ಹೆದರಿಕೆಯಾದರೆ ನನ್ನ ಕೈ ನೋಡು. ತಾಳದಲ್ಲಿ ನಿನ್ನಪ್ಪ ಇನ್ನೂ ಯಾರಿಗೂ ಕಡಿಮೆಯಿಲ್ಲ.

ನಿನ್ನ ದನಿ ನೂರು ವರ್ಷ ಹೀಗೇ ಇರ್ಲಿ ತಾಯಿ. ಅಳಿಯಂದಿರಿಗೂ ಅತ್ತೆಯವರಿಗೂ ನಮ್ಮ ನಮಸ್ಕಾರ.

ಇಂತಿ ನಿನ್ನ ತಂದೆ
ಸೊಣ್ಣಪ್ಪ

ಮರೆತಿದ್ದು: ಕ್ಯಾಸೆಟ್ಟಿನ ವಿಷಯ ಬರೆಯಲೇ ಇಲ್ಲ. ಮರೆತಿರಲಿಲ್ಲ, ಮುಂದೆ ತಳ್ಳುತ್ತಾ ಬಂದೆ. ಪಕ್ಕದ ಮನೆಯವರ ಟೇಪ್ ರೆಕಾರ್ಡರು ತಂದು ಜಗುಲಿಯಲ್ಲಿಟ್ಟು ನಾನೂ ಅಮ್ಮನೂ ಕೂತು ಕೇಳಿದೆವು. ಮೇಲಿನ ಷಡ್ಜ ಅಲುಗಾಡುತ್ತದೆಯೇ ಹೇಳು ಎಂದು ನೀನು ಕೇಳಿದ್ದೆ. ಶುರುವಿನಲ್ಲಿ ನಿನ್ನ ದನಿ ಕೇಳಿಸಿತು, ಚೆನ್ನಾಗಿತ್ತು. ಆಮೇಲೆ ನೀನು ಮೇಲೆ ಮೇಲೆ ಹೋದೆ. ಅಲ್ಲಿಂದ ಮುಂದೆ ನನಗೆ ಏನೂ ಕೇಳಿಸಲಿಲ್ಲ. ಕ್ಯಾಸೆಟ್ಟು ನಿಂತಿತೆಂದು ಗುಂಡಿ ಒತ್ತಲು ಕೈ ಚಾಚಿದೆ. ಅಷ್ಟರಲ್ಲಿ ಅಮ್ಮನ ಕಡೆ ನೋಡಿದರೆ ಅವಳು ಕಣ್ಣು ಮುಚ್ಚಿಕೊಂಡು ತಲೆ ತೂಗುತ್ತಿದ್ದಳು. ನೀನು ಇನ್ನೂ ಹಾಡುತ್ತಲೇ ಇದ್ದೀಯ ಎಂದು ಅದರಿಂದ ಗೊತ್ತಾಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ. ನಿನ್ನ ಷಡ್ಜ ಅಲುಗಾಡಿಲ್ಲವಂತೆ, ಅಮ್ಮ ಹೇಳಿದಳು. ರಾಮನವಮಿಯ ದಿನ ನೀನು ಹಾಡುವಾಗ ನಾನು ನಿನ್ನನ್ನು ನೋಡದೆ ಅಮ್ಮನ ಮುಖವನ್ನೇ ನೋಡುತ್ತಿದ್ದರೆ ಬೇಸರ ಮಾಡಿಕೊಳ್ಳಬೇಡ. ನಿನ್ನ ಹಾಡನ್ನೇ ಕೇಳುತ್ತಿರುತ್ತೇನೆ.